ಬಿದ್ದು ನೋಡುವ ಹೊನ್ನೂರಣ್ಣ

ದಿನಾ ಬೆಳಿಗ್ಗೆ ಹೊನ್ನೂರಣ್ಣ ಜಿಮ್ಮಿಗೆ ಬಂದವನೇ ಬೀಳುತ್ತಿದ್ದ. ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಹೆಗಲ ಮೇಲಿನ ಟವೆಲನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಗೋಡೆಗೆ ಮುಖ ಮಾಡಿ ನಿಂತು, ಕಣ್ಣು ಮುಚ್ಚಿ, ಕಡಿದ ಮರದ ಹಾಗೆ ಹಿಂದಕ್ಕೆ ಬೀಳುತ್ತಿದ್ದ. ನೆಲದ ತುಂಬ ಹಾಸಿದ್ದ ದಪ್ಪ ಗಾದಿ ಅವನನ್ನು ಹಿಡಿದುಕೊಳ್ಳುತ್ತಿತ್ತು. ಒಂದಷ್ಟು ಹೊತ್ತು ಹಾಗೇ ಮಲಗಿದ್ದು, ಯಾರೋ ಕಿವಿಯಲ್ಲಿ ಹೇಳಿದ ಗುಟ್ಟು ಕೇಳಿಸಿಕೊಂಡವನಂತೆ ತಲೆಯಾಡಿಸಿ, ಎದ್ದು, ಎರಡು ಹೆಜ್ಜೆ ಸರಿದು ಮತ್ತೆ ಬೀಳುತ್ತಿದ್ದ. ಹೀಗೆ ಬೀಳುತ್ತ ಬೀಳುತ್ತ ಆ ಮೂಲೆಯಿಂದ ಈ ಮೂಲೆಗೆ ಬರಲು ಅರ್ಧ ಗಂಟೆ ಬೇಕಾಗುತ್ತಿತ್ತು. ನಾನು ಅವನನ್ನು ಮೊದಲು ಕಂಡಾಗ ಅವನು ಏಳನೆಯದೋ ಎಂಟನೆಯದೋ ಸಲ ಬೀಳುತ್ತಿದ್ದ. ಪಾಪ, ತಲೆ ಸುತ್ತುತ್ತಿರಬೇಕು ಅಂದುಕೊಂಡು ನೀರು ತರಲು ಓಡಿದ್ದೆ.

ಅದು ಬಳ್ಳಾರಿಯ ಹೊರಗಿನ ಒಂದು ಶೆಡ್ಡು. ಮೊದಲು ಅಲ್ಲಿ ಜೀನ್ಸ್ ಹೊಲಿಯುತ್ತಿದ್ದರು. ನನ್ನ ಗೆಳೆಯ ಕಿರಣ್ ಅದನ್ನು ಬಾಡಿಗೆಗೆ ಹಿಡಿದು, ಪ್ಲೈವುಡ್ ಗೋಡೆಗಳನ್ನು ನಿಲ್ಲಿಸಿ, ಅವುಗಳಿಗೆ ಬಣ್ಣಬಣ್ಣದ ಹಿಡಿಗಳನ್ನು ಬೋಲ್ಟು ಹಾಕಿ ಕೂರಿಸಿ ಬೌಲ್ಡರಿಂಗ್ ಜಿಮ್ ಮಾಡಿದ್ದ. ಹಗ್ಗವಿಲ್ಲ. ಎರಡಾಳೆತ್ತರದ ಗೋಡೆ, ಕೆಳಗೆ ಗಾದಿ, ನಡುವೆ ನಿಮ್ಮ ಹತ್ತು ಬೆರಳು. ಆಟ ಅಷ್ಟೇ.

"ಸುತ್ತ ಇಷ್ಟು ಬಂಡಿಗಲ್ಲು ಇರೋ ಊರಾಗ ರೊಕ್ಕ ಕೊಟ್ಟು ಸುಳ್ಳು ಬಂಡಿ ಹತ್ತಾಕ ಯಾರು ಬರ್ತಾರಲೇ?" ಎಂದು ನಾನು ಕೇಳಿದ್ದೆ.

"ಖರೇ ಬಂಡಿಗೆ ಫ್ಯಾನ್ ಇಲ್ಲ" ಅಂದಿದ್ದ ಕಿರಣ್. ಬಳ್ಳಾರಿಯ ಬೇಸಿಗೆ ಕಂಡವರು ಇದಕ್ಕೆ ಮರುಮಾತಾಡಲಾರರು.

ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಚರ್ಚಾ ತಂಡ. ಅವನು ಮೊದಲು ಮಾತಾಡಿ ನಮ್ಮ ವಾದ ಕಟ್ಟುತ್ತಿದ್ದ, ನಾನು ಕೊನೆಗೆ ಎದ್ದು ಎದುರಿನವರ ವಾದ ಕೆಡವುತ್ತಿದ್ದೆ. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಗೊತ್ತಾದ ಹತ್ತು ನಿಮಿಷಕ್ಕೆ ಅದೇ ನಮ್ಮ ಹುಟ್ಟಿನಿಂದ ಬಂದ ನಂಬಿಕೆಯಾಗಿಬಿಡುತ್ತಿತ್ತು. ಜಿಮ್ ಶುರುವಾಗುವ ಮೊದಲು ಅವನೇ ಫೋನ್ ಮಾಡಿದ. "ಬಂದು ತಪ್ಪು ಹುಡುಕು. ಅದು ಬಿಟ್ರ ನಿನಗ ಬ್ಯಾರೆ ಏನ್ ಬರತೈತಿ?" ಸಿರುಗುಪ್ಪದಿಂದ ಬಸ್ಸು ಹಿಡಿದು, ನೋಟ್‌ಬುಕ್ಕು ಹಿಡಿದು ಹೋದೆ.

ನಾನು ತಂದ ನೀರನ್ನು ಮಲಗಿಕೊಂಡೇ ನೋಡಿ ಹೊನ್ನೂರಣ್ಣ ನಕ್ಕ. ಎದ್ದು ಕೂತು ಅಷ್ಟೂ ಕುಡಿದ. ಆಮೇಲೆ ನನ್ನ ಪುಸ್ತಕದ ಕಡೆ ಗದ್ದ ಎತ್ತಿ, "ಏನಮ್ಮಾ, ಏನ್ ಬರಿಯಾಕತ್ತೀ?" ಎಂದ.

ಓದಿ ಹೇಳಿದೆ. ಬೆಳಕು ಚೆನ್ನಾಗಿದೆ. ಫ್ಯಾನು ಸದ್ದು ಮಾಡುತ್ತದೆ. ಹಳದಿ ಹಿಡಿಗಳ ದಾರಿಗೂ ಕಿತ್ತಳೆ ಹಿಡಿಗಳ ದಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಹೆಂಗಸರ ಬಚ್ಚಲಿಗೆ ಚಿಲಕವಿಲ್ಲ.

"ಬಿದ್ದು ನೋಡಿದ್ಯಾ?"

"ಇಲ್ಲ."

"ಹಂಗಾರ ಮದುವಿಗೆ ಹೋಗಿ ಪೆಂಡಾಲ್ ನೋಡಿ ಬಂದಂಗಾತು. ಊಟ ಮಾಡಿಲ್ಲ ನೀನು."

ನಾನು ಸುಮ್ಮನಿರುವವಳಲ್ಲ. ಜನ ಇಲ್ಲಿಗೆ ಬರುವುದು ಏರುವುದಕ್ಕೆ, ಬೀಳುವುದಕ್ಕಲ್ಲ. ಅಲ್ಲದೆ ಒಬ್ಬ ಮನುಷ್ಯನ ಬೆನ್ನನ್ನು ಪ್ರಮಾಣ ಅಂತ ಹೇಗೆ ಒಪ್ಪುವುದು ಎಂದು ಕೇಳಿದೆ.

"ನಿನ್ನ ಬೆನ್ನೂ ತಗೊಂಡು ಬಾ. ಎರಡು ಆಗ್ತಾವು."

ಮರ್ಯಾದೆಯ ಪ್ರಶ್ನೆ. ಕಣ್ಣು ಮುಚ್ಚಿ ಹಿಂದಕ್ಕೆ ಬಿದ್ದೆ. ಬೀಳುವುದಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗಾದಿ ಮುಟ್ಟಿದ ಮೇಲೂ ಇನ್ನೂ ಎಲ್ಲಿಗೋ ಇಳಿಯುತ್ತಲೇ ಇದ್ದ ಹಾಗಿತ್ತು. ಕಣ್ಣು ಬಿಟ್ಟರೆ, ಛಾವಣಿಯ ಪ್ಲಾಸ್ಟಿಕ್ ಹಾಳೆಯಿಂದ ಹಾಲಿನಂಥ ಬೆಳಕು ಇಳಿಯುತ್ತಿತ್ತು. ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿ ಆ ಬೆಳಕಿನಲ್ಲಿ ಬೀಳಲೂ ಮನಸ್ಸಿಲ್ಲದೆ, ಏರಲೂ ಮನಸ್ಸಿಲ್ಲದೆ ನಿಂತಿತ್ತು. ಹಳೆಯ ಜೀನ್ಸಿನ ನೀಲಿ ಬಣ್ಣ ಗೋಡೆಯ ಬುಡದಲ್ಲಿ ಇನ್ನೂ ಉಳಿದಿದ್ದರಿಂದ ಇಡೀ ಶೆಡ್ಡು ನೀರಿನಡಿ ಇದ್ದಂತೆ ಕಾಣಿಸಿತು. ನಾನು ಏನು ವಾದಿಸುತ್ತಿದ್ದೆ ಎಂಬುದೇ ಸ್ವಲ್ಪ ಹೊತ್ತು ನೆನಪಾಗಲಿಲ್ಲ.

"ಏರೋನ್ನ ಮಂದಿ ನೋಡ್ತಾರ" ಎಂದ ಹೊನ್ನೂರಣ್ಣ, ಪಕ್ಕದಲ್ಲಿ ಮಲಗಿ. "ಬೀಳೋನ್ನ ಯಾರ್ ನೋಡ್ತಾರ? ಗಾದಿ ಒಂದೇ."

ಅವತ್ತಿನಿಂದ ನಾನು ವಕೀಲಮ್ಮ. ವಕೀಲಿ ಓದಿಲ್ಲ ಎಂದರೆ, "ಓದದೇನ ಇಷ್ಟ್ ಐತಿ, ಓದಿದ್ರ ಏನ್ ಗತಿ?" ಎನ್ನುತ್ತಿದ್ದ.

ಹೊನ್ನೂರಣ್ಣ ಕುರುಗೋಡಿನವನು. ನಮ್ಮಪ್ಪನಿಗಿಂತ ದೊಡ್ಡವನಾದರೂ ಜಿಮ್ಮಿನಲ್ಲಿ ಎಲ್ಲರಿಗೂ ಅಣ್ಣನೇ. ಹರೆಯವೆಲ್ಲ ಕಲ್ಲು ಒಡೆದು ಹೊಸ್ತಿಲು, ಒಳಕಲ್ಲು ಮಾಡಿದವನು. ಎಡಗೈಯ ಉಂಗುರದ ಬೆರಳಿನ ತುದಿ ಯಾವುದೋ ಹೊಸ್ತಿಲಿಗೆ ಹೋಗಿತ್ತು. ಎದೆಯೊಳಗೆ ಕಲ್ಲಿನ ಧೂಳು ಕೂತು, ಮಾತಿನ ನಡುವೆ ಸಣ್ಣ ಕೆಮ್ಮು ಬರುತ್ತಿತ್ತು. ಗೋಡೆಗಳ ಕಬ್ಬಿಣದ ಚೌಕಟ್ಟನ್ನು ನೆಲಕ್ಕೆ ಕೂರಿಸಲು ನಾಲ್ಕು ದಿನಕ್ಕೆಂದು ಬಂದವನು, ಹಿಡಿಗಳನ್ನು ಬಿಚ್ಚಿ ಕೂರಿಸುವ ಕೆಲಸಕ್ಕೆ ಅಲ್ಲೇ ಉಳಿದಿದ್ದ. ಅವನು ಏರಿದ್ದನ್ನು ಒಮ್ಮೆಯೂ ಕಾಣೆ. ಆದರೆ ಪ್ರತಿ ಹಿಡಿಯನ್ನೂ ಅಂಗೈಯಲ್ಲಿ ತಿರುವಿ, ಅದು ಕದಲುತ್ತದೆಯೇ ನೋಡುತ್ತಿದ್ದ. ಅಂಚು ಚುಚ್ಚುತ್ತದೆಯೇ ಎಂದು ತನ್ನ ಕೆನ್ನೆಗೆ ಸವರಿ ನೋಡುತ್ತಿದ್ದ. "ಅಂಗೈ ಸುಳ್ಳು ಹೇಳತೈತಿ. ಇದರದು ದಡ್ಡ ಚರ್ಮ. ಕೆನ್ನಿ ಹೇಳಂಗಿಲ್ಲ." ಹೊಸ ದಾರಿಯೊಂದನ್ನು ಕಿರಣ್ ಹೆಮ್ಮೆಯಿಂದ ತೋರಿಸಿದರೆ ಇವನದು ಒಂದೇ ಪ್ರಶ್ನೆ: "ಏರಾಕ ಹಾದಿ ಮಾಡೀದಿ, ಇಳಿಯಾಕ ಎಲ್ಲೈತಿ?" ಎಲ್ಲರೂ ಹಾರಿಯೇ ಇಳಿಯಬೇಕೇನು, ಮೊಣಕಾಲು ನೋವಿದ್ದವರು ಬರಬಾರದೇನು ಎಂದು ಗೊಣಗಿ, ಮರುದಿನ ಪಕ್ಕದಲ್ಲಿ ನಾಲ್ಕು ದೊಡ್ಡ ಹಿಡಿಗಳನ್ನು ಮೆಟ್ಟಿಲಿನ ಹಾಗೆ ಕೂರಿಸಿರುತ್ತಿದ್ದ.

ಒಮ್ಮೆ ನನ್ನನ್ನು ಕುರುಗೋಡಿನ ಗುಡ್ಡಕ್ಕೆ ಕರೆದುಕೊಂಡು ಹೋದ. ಬಸ್ಸು ಬಾದನಹಟ್ಟಿ ದಾಟುವವರೆಗೂ ನಾನು ಬೌಲ್ಡರಿಂಗ್ ಜಿಮ್ಮು ಒಂದು ಶೋಕಿ ಎಂದು ಸಾಧಿಸುತ್ತಿದ್ದೆ, ಅವನು ಕಿಟಕಿಗೆ ತಲೆಕೊಟ್ಟು ನಿದ್ದೆ ಹೋಗಿದ್ದ. ಗುಡ್ಡದ ಬುಡದಲ್ಲಿ ಒಂದು ಬಂಡೆಗೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಕಿವಿ ಹಚ್ಚಿದ. ಠಣ್ ಎಂದಿತು. ಇನ್ನೊಂದಕ್ಕೆ ತಟ್ಟಿದ. ಒಡೆದ ಮಡಕೆಯ ಹಾಗೆ ಬದ್ ಎಂದಿತು. "ಇದರೊಳಗ ಬಿರುಕು ಐತಿ. ಹೊರಗ ನೋಡು, ಎಷ್ಟ್ ಚಂದ ಕುಂತೈತಿ." ಆಮೇಲೆ ಇಬ್ಬರೂ ಗಟ್ಟಿ ಬಂಡೆಯ ಮೇಲೆ ಮಲಗಿದೆವು. ಎಳೆ ಬಿಸಿಲಿಗೆ ಕಲ್ಲು ಹದವಾಗಿ ಕಾದಿತ್ತು. ಮೋಡಗಳು ತೇಲುತ್ತಿದ್ದವು, ನೋಡುತ್ತ ನೋಡುತ್ತ ಮೋಡ ನಿಂತು ಬಂಡೆಯೇ ತೇಲತೊಡಗಿತು. "ಅಣ್ಣಾ, ಬಂಡಿ ಹೊಂಟೈತಿ" ಎಂದೆ. ತೀರ ಅವಿವೇಕದ ಮಾತು, ಯಾವ ಪುರಾವೆಯೂ ಇಲ್ಲ.

"ಹೋಗ್ಲಿ ಬಿಡು" ಎಂದ ಅವನು, ಕಣ್ಣು ಮುಚ್ಚಿಕೊಂಡೇ. "ಸಂಜಿಯೊಳಗ ತಂದು ಬಿಡತೈತಿ."

ಇಂಥವನ ಎದುರು ನಾನು ಒಂದು ವಾದ ಗೆದ್ದೆ. ಅದನ್ನು ಬರೆಯಬೇಕು.

ಸಿರುಗುಪ್ಪದಲ್ಲಿ ನಾನು ಕಲಿತ ಸಾಲೆಯ ಹುಡುಗಿಯರನ್ನು ಜಿಮ್ಮಿಗೆ ಕರೆತರುವ ಯೋಚನೆ ನನ್ನದೇ. ಹುಡುಗಿಯರು ಗೋಡೆ ಹತ್ತುವುದು ಯಾಕೆ ಎಂದ ಹೆಡ್ ಮೇಡಂ ಜೊತೆ ಮೂರು ವಾರ ವಾದಿಸಿ ಒಪ್ಪಿಸಿದ್ದೆ. ಅವರು ಕೊನೆಗೆ, "ಯಾವಾಕಿಗರ ಏನರ ಆತಂದ್ರ ಅವರ ಮನಿಗೆ ನೀನಽ ಹೋಗಿ ಹೇಳಬೇಕು" ಅಂದಿದ್ದರು. ಹೇಳುತ್ತೇನೆ ಎಂದಿದ್ದೆ. ಎಲ್ಲ ನಿಗದಿಯಾಗಿತ್ತು. ಹಿಂದಿನ ದಿನ ಮಧ್ಯಾಹ್ನ ಹೊನ್ನೂರಣ್ಣ, ಮುಂದಕ್ಕೆ ಬಾಗಿದ ದೊಡ್ಡ ಗೋಡೆಯ ಕೆಳಗಿನ ಮೂಲೆಯಲ್ಲಿ ಬಿದ್ದವನು, ಎದ್ದು ಬಂದು ಕಿರಣ್‌ಗೆ ಹೇಳಿದ: "ಆ ಗೋಡಿ ನಾಳಿಗೆ ಬ್ಯಾಡ."

ಎರಡು ಗಾದಿಗಳು ಅಲ್ಲಿ ಕೂಡುತ್ತಿದ್ದವು. ಒಂದರೊಳಗಿನ ಸ್ಪಂಜು ಸತ್ತಿದೆ, ಬಿದ್ದವರ ಹಿಮ್ಮಡಿ ಸಂದಿಗೆ ಇಳಿದು ನೆಲ ಮುಟ್ಟುತ್ತದೆ ಎಂಬುದು ಅವನ ಮಾತು. ನಾಲ್ಕು ದಿನ ಕೊಟ್ಟರೆ ಬಿಚ್ಚಿ ಹೊಸ ಸ್ಪಂಜು ತುಂಬಿಸಿ ಹೊಲಿಸಿಕೊಡುತ್ತೇನೆ ಎಂದ. ಕಿರಣ್ ನನ್ನ ಕಡೆ ನೋಡಿದ. ಆ ನೋಟ ನನಗೆ ಗೊತ್ತು. ವೇದಿಕೆಯ ಮೇಲೆ ಅವನ ಮಾತು ಮುಗಿದಾಗ ಹಾಗೇ ನೋಡುತ್ತಿದ್ದ.

ನಾನು ಎದ್ದೆ. ಗಾದಿ ಮಾರಿದವರ ಕಾಗದ ಇದೆ, ಅದರಲ್ಲಿ ತೂಕ, ಎತ್ತರ ಎಲ್ಲ ಬರೆದಿದೆ ಎಂದೆ. ಶುರುವಾದಾಗಿನಿಂದ ಅಲ್ಲಿ ಒಬ್ಬರಿಗೂ ಪೆಟ್ಟಾಗಿಲ್ಲ ಎಂದೆ. ದೊಡ್ಡವರನ್ನು ತಡೆದ ಗಾದಿ ಏಳನೇ ಕ್ಲಾಸಿನ ಹುಡುಗಿಯರನ್ನು ತಡೆಯುವುದಿಲ್ಲವೇ ಎಂದೆ. ಹೆದರಿಸುವುದು ಸುಲಭ, ಹೆದರಿಕೆಯಿಂದಲೇ ಅಲ್ಲವೇ ನಮ್ಮ ಹುಡುಗಿಯರು ಇಷ್ಟು ದಿನ ಕೆಳಗೇ ನಿಂತದ್ದು ಎಂದು ಮುಗಿಸಿದೆ. ಚಪ್ಪಾಳೆ ಬೀಳುವ ಜಾಗ ಅದು. ಆದರೆ ಆ ಮೂಲೆಯಲ್ಲಿ ನಾನು ಬಿದ್ದು ನೋಡಿರಲಿಲ್ಲ. ಮೂರು ಹೆಜ್ಜೆ ದೂರದಲ್ಲಿತ್ತು, ಹೋಗಲಿಲ್ಲ.

ಹೊನ್ನೂರಣ್ಣ ಪೂರ್ತಿ ಕೇಳಿಸಿಕೊಂಡ. "ಗೆದ್ದಿ ವಕೀಲಮ್ಮ. ನಿನ್ನ ಮಾತಿನ್ಯಾಗ ಒಂದು ಸಂದು ಇಲ್ಲ" ಎಂದ. ಟವೆಲು ಹೆಗಲಿಗೆ ಹಾಕಿಕೊಂಡು ಹೋದ.

ಮರುದಿನ ಬೆಳಿಗ್ಗೆ ಹುಡುಗಿಯರು ಬಸ್ಸಿನಿಂದ ಇಳಿದು ಕಲಕಲ ಎನ್ನುತ್ತ ಒಳಗೆ ಬಂದರೆ, ಬಾಗಿದ ಗೋಡೆಯ ಕೆಳಗೆ, ಸರಿಯಾಗಿ ಆ ಸಂದಿನ ಮೇಲೆ, ಹೊನ್ನೂರಣ್ಣ ಅಂಗಾತ ಮಲಗಿದ್ದ. ಎದೆಯ ಮೇಲೆ ಕೈ ಜೋಡಿಸಿಕೊಂಡು, ಛಾವಣಿ ನೋಡುತ್ತ.

"ತಾತಾ, ಏಳ್ರಿ, ನಾವು ಹತ್ತಬೇಕು" ಎಂದಳು ಒಬ್ಬಳು.

"ನನಗ ನಿದ್ದಿ ಬಂದೈತಿ ಮಗಳಽ. ಆ ಗೋಡಿ ಹತ್ರಿ, ಭಾಳ ಚಲೋ ಐತಿ."

"ಇಲ್ಲೇ ಯಾಕ ಮಲಗೀರಿ?"

"ಇಲ್ಲೇ ಕನಸು ಬೀಳ್ತಾವು."

ಹುಡುಗಿಯರು ನಗುತ್ತ ಬೇರೆ ಗೋಡೆಗಳಿಗೆ ಹೋದರು. ಏಳಣ್ಣಾ ಎಂದು ಕಿರಣ್ ಮೊದಲು ಮೆತ್ತಗೆ ಹೇಳಿದ. ಆಮೇಲೆ ಕೂತು ಹೇಳಿದ. ದೊಡ್ಡ ಗೋಡೆ ಹತ್ತಿಸಿ ಫೋಟೊ ತೆಗೆಸಬೇಕೆಂದು ಅವನು ಒಬ್ಬನನ್ನು ಕರೆಸಿದ್ದ. ಒಂದು ಗಂಟೆ ಕಳೆದ ಮೇಲೆ ಅವನ ದನಿ ಏರಿತು. "ಅಣ್ಣಾ, ಇದು ನನ್ನ ಜಿಮ್. ಏಳ್ರಿ ಅಂದ್ರ ಏಳ್ರಿ. ಇಲ್ಲಾಂದ್ರ ನಾಳಿಂದ ಬರಬ್ಯಾಡ್ರಿ."

ಹೊನ್ನೂರಣ್ಣ ನನ್ನ ಕಡೆ ನೋಡಿದ. ನಾನು ಹುಡುಗಿಯರ ಕಡೆ ತಿರುಗಿದೆ. ಅವನು ಒಂದು ಕೈ ಊರಿ, ಮೊಣಕಾಲು ಹಿಡಿದು, ಕೆಮ್ಮುತ್ತ ಎದ್ದ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಿನ ಬಿಸಿಲಿಗೆ ಇಳಿದು ಹೋದ. ತಿರುಗಿ ನೋಡಲಿಲ್ಲ.

ಕಿರಣ್ ಹುಡುಗಿಯರನ್ನು ಸಾಲು ಮಾಡಿಸುತ್ತಿದ್ದ. ಖಾಲಿಯಾದ ಆ ಜಾಗಕ್ಕೆ ನಾನು ನಡೆದುಹೋದೆ. ಯಾಕೆ ಎಂದು ಈಗಲೂ ತರ್ಕಬದ್ಧವಾಗಿ ಹೇಳಲಾರೆ. ನಿಂತಲ್ಲಿಂದ ಒಂದು ಸಲ ಹಾರಿ, ಹಿಮ್ಮಡಿ ಊರಿದೆ. ಗಾದಿ ಬಾಯಿ ಬಿಟ್ಟಿತು. ಸಿಮೆಂಟು ಹಿಮ್ಮಡಿಯಿಂದ ನೆತ್ತಿಯವರೆಗೆ ಒಂದೇ ಮಾತು ಹೇಳಿತು. ಎರಡಾಳೆತ್ತರದಿಂದ ಬಿದ್ದಿದ್ದರೆ ಎಂದು ಲೆಕ್ಕ ಹಾಕುವ ಮೊದಲೇ ನಾನು ಸಂದಿನ ಮೇಲೆ ಅಂಗಾತ ಮಲಗಿಬಿಟ್ಟಿದ್ದೆ. ಗಾದಿ ಅವನ ಬೆನ್ನಿನಿಂದ ಇನ್ನೂ ಬೆಚ್ಚಗಿತ್ತು. ಮೇಲೆ ಬಾಗಿದ ಗೋಡೆಯ ತುಂಬ ಕೆಂಪು, ಹಸಿರು, ನೇರಳೆ ಹಿಡಿಗಳು ಹಗಲಿನ ಚುಕ್ಕೆಗಳ ಹಾಗೆ ಅರಳಿದ್ದವು.

"ಏನ್ಲೇ ಇದು? ನೀನೂನಾ?" ಕಿರಣ್‌ನ ಮುಖ ತಲೆಕೆಳಗಾಗಿ ಕಂಡಿತು. "ನಿನ್ನೆ ನೀನಽ ಅಲ್ಲೇನು ಹೇಳಿದ್ದು?"

"ಹೇಳಿದ್ದೆ. ಬಿದ್ದು ನೋಡಿರಲಿಲ್ಲ. ನೀ ಒಂದ್ಸಲ ಹಾರು ಇಲ್ಲಿ."

ಅವನು ಹಾರಲಿಲ್ಲ. ಫೋಟೊದವನನ್ನು ಪುಟ್ಟ ಗೋಡೆಯ ಕಡೆ ಕರೆದುಕೊಂಡು ಹೋದ. ಹುಡುಗಿಯರು ಸಂಜೆಯವರೆಗೆ ಏರಿದರು, ಬಿದ್ದರು, ಕಿರುಚಿದರು. ಕೊನೆಯವಳು ಬಸ್ಸು ಹತ್ತುವವರೆಗೆ ನಾನು ಏಳಲಿಲ್ಲ.

ವಾರದೊಳಗೆ ಕಿರಣ್ ಗಾದಿ ಬಿಚ್ಚಿಸಿದ. ಒಳಗಿನ ಸ್ಪಂಜು ಹಳೆಯ ರೊಟ್ಟಿಯ ಹಾಗೆ ಪುಡಿಯಾಗಿತ್ತು. ಅವನೇ ಕರೆಯಲು ಕುರುಗೋಡಿಗೆ ಹೋದ. ಹೊನ್ನೂರಣ್ಣನಿಗೆ ಕೆಮ್ಮು ಜೋರಾಗಿ, ಹಚ್ಚೊಳ್ಳಿಯ ಮಗಳ ಮನೆಗೆ ಹೋಗಿದ್ದಾನೆ ಎಂದರಂತೆ. ನಾನು ಇವತ್ತು ಹೋದೇನು, ನಾಳೆ ಹೋದೇನು ಎನ್ನುತ್ತ ತಿಂಗಳುಗಟ್ಟಲೆ ಕಳೆದೆ. ತಪ್ಪೊಪ್ಪಿಗೆಯನ್ನು ನಾನು ಭಾಷಣದ ಹಾಗೆ ಸಿದ್ಧ ಮಾಡುತ್ತಿದ್ದೆ, ಅದೇ ತೊಂದರೆ. ಎಷ್ಟು ತಿದ್ದಿದರೂ ಕೊನೆಗೆ ನಾನೇ ಗೆಲ್ಲುತ್ತಿದ್ದೆ.

ಹಚ್ಚೊಳ್ಳಿಗೆ ಹೋದಾಗ ಮಧ್ಯಾಹ್ನ. ಕಾಲುವೆಯ ನೀರು ಗದ್ದೆಗೆ ಹರಿಯುವ ಸದ್ದು ಪಡಸಾಲೆಯವರೆಗೂ ಬರುತ್ತಿತ್ತು. ಮಂಚದ ಮೇಲೆ ಹೊನ್ನೂರಣ್ಣ ಮಲಗಿದ್ದ. ಅಷ್ಟು ದೊಡ್ಡ ಬೆನ್ನು ಎಲ್ಲಿ ಹೋಯಿತೋ ಎಂಬಂತೆ ಸಣ್ಣಗಾಗಿದ್ದ.

"ಎಬ್ಬಿಸ್ಲೇನಕ್ಕಾ?" ಎಂದಳು ಮಗಳು. "ಎದ್ರೂ ಒಂದೊಂದ್ಸಲ ಯಾವ ದಿನ ಅಂತ ಗೊತ್ತಾಗಂಗಿಲ್ಲ ಅಪ್ಪಗ."

ಬೇಡ ಎಂದು ಮಂಚದ ಪಕ್ಕ ನೆಲದ ಮೇಲೆ ಕೂತೆ. ಎಷ್ಟು ಹೊತ್ತೋ. ನೀರಿನ ಸದ್ದಿಗೆ ನನಗೂ ಜೊಂಪು ಹತ್ತಿತ್ತು. ಅವನು ಕಣ್ಣು ಬಿಟ್ಟು ನನ್ನನ್ನು ನೋಡಿದ. ಆಶ್ಚರ್ಯವಿಲ್ಲ, ಈಗಷ್ಟೇ ಹೊರಗೆ ಹೋಗಿ ಬಂದವಳನ್ನು ನೋಡಿದ ಹಾಗೆ.

"ಹುಡುಗ್ಯಾರು ಹೋದ್ರಾ?"

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅವನಿಗೆ ಆ ದಿನ ಇನ್ನೂ ಮುಗಿದಿರಲಿಲ್ಲ.

"ಹೋದ್ರಣ್ಣಾ."

"ಆ ಮೂಲ್ಯಾಗ ಯಾರೂ ಬೀಳಲಿಲ್ಲಲ್ಲ?"

"ಯಾರೂ ಬೀಳಲಿಲ್ಲ. ಎಲ್ಲಾರೂ ಮನಿ ಮುಟ್ಟಿದ್ರು."

"ಹಾಂ" ಎಂದು ಅವನು ಮಗ್ಗುಲಾದ. ಉಸಿರು ಸ್ವಲ್ಪ ಹೊತ್ತು ಎಡವಿ, ಆಮೇಲೆ ಸಮವಾಯಿತು. ಅವನಿಗೆ ಮತ್ತೆ ಎಚ್ಚರವಾಗುವ ಮೊದಲೇ ಸಿರುಗುಪ್ಪದ ಕೊನೆಯ ಬಸ್ಸಿನ ಹೊತ್ತಾಯಿತು.