ಅಪ್ಪ ಆರಿಸಿ ತಂದ ಮೆಷಿನ್

ಕೊಡಗಿನ ಕೈಲ್ ಮುಹೂರ್ತ ಹಬ್ಬಕ್ಕೆ ಕೋವಿ, ಕತ್ತಿಗಳನ್ನು ಪೂಜೆಗಿಡುವ ಮನೆಗಳವರು ಹೊಸ ಬೆಲ್ಟು, ಹೊಸ ಒರೆ ಬೇಕೆಂದು ಎರಡು ತಿಂಗಳು ಮೊದಲೇ ಅಪ್ಪನನ್ನು ಹುಡುಕಿಕೊಂಡು ಬರುತ್ತಿದ್ದ ಕಾಲ ಅದು. ಸುಂಟಿಕೊಪ್ಪದಲ್ಲಿ ನಮಗಿದ್ದದ್ದು ಎರಡು ಕೋಣೆ. ಅದರಲ್ಲಿ ಒಂದು ತೊಗಲಿಗೆ. ಹರಳೆಣ್ಣೆ ಸವರಿದ ತೊಗಲಿನ ವಾಸನೆ ಅನ್ನಕ್ಕೂ ಹತ್ತುತ್ತಿತ್ತು, ನನ್ನ ಯೂನಿಫಾರ್ಮಿಗೂ. ಹೆಬ್ಬೆಟ್ಟಿನಿಂದ ಒಮ್ಮೆ ಒತ್ತಿ ನೋಡಿ, "ಇದು ಹೊಟ್ಟೆ ಭಾಗದ್ದು, ಹಿಗ್ತದೆ, ಬೇಡ" ಎಂದು ಅಪ್ಪ ಬದಿಗೆ ತಳ್ಳಿದರೆ ಮಾರುವವನೂ ಎದುರಾಡುತ್ತಿರಲಿಲ್ಲ.

ಆ ಹೆಬ್ಬೆಟ್ಟಿನ ಗೆಣ್ಣು ನಾನು ಆರನೇ ಕ್ಲಾಸಿನಲ್ಲಿದ್ದಾಗ ಊದಿಕೊಂಡಿತು. ಮೂರು ಪದರದ ಬೆಲ್ಟಿಗೆ ದಬ್ಬಳದಲ್ಲಿ ತೂತು ಹೊಡೆದು ಕೈಯಲ್ಲಿ ಹೊಲಿಯುವುದು ಇನ್ನು ಹೆಚ್ಚು ದಿನ ನಡೆಯುವಂತಿರಲಿಲ್ಲ. ಚೆಟ್ಟಳ್ಳಿ ಕಡೆ ತೋಟಗಳಿಗೆ ಎರಡು ಸೀಸನ್ ಕಾಫಿ ಪಿಕಿಂಗಿಗೆ ಹೋಗಿ ಕೂಡಿಸಿಟ್ಟಿದ್ದನ್ನು ಅವ್ವ ಅಪ್ಪನ ಕೈಗಿಟ್ಟಳು. ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನೂ ಕರೆದುಕೊಂಡು ಮೈಸೂರಿಗೆ ಹೊರಟ. ಅಲ್ಲಿ ಫ್ಯಾಕ್ಟರಿಯ ಹಳೇ ಹೊಲಿಗೆ ಮೆಷಿನ್ ಮಾರುವ ಅಂಗಡಿಯೊಂದಿತ್ತು.

ಹೊರಡುವ ಮುಂಚೆ ಮೂರು ಪದರ ಅಂಟಿಸಿದ ತೊಗಲಿನ ತುಂಡೊಂದನ್ನು ನನ್ನ ಚೀಲಕ್ಕೆ ಹಾಕಿದ. "ಮೆಷಿನ್ ಅವ್ರದ್ದಾದ್ರೂ ತೊಗಲು ನಮ್ದಿರ್ಬೇಕು ಮಗಾ. ಇದನ್ನ ಹೊಲಿದ್ರೆ ಮಾತ್ರ ತಗಳದು."

ಬಸ್ಸಿನಲ್ಲಿ ಅಪ್ಪನಿಗೆ ಮುಂದೆ ಸೀಟು ಸಿಕ್ಕಿತು. ಹಿಂದೆ ನನ್ನ ಪಕ್ಕ ಬಂದು ಕೂತವಳು ನಮ್ಮ ಕ್ಲಾಸಿನ ಸುಮತಿ. ಸ್ವಲ್ಪ ದೂರ ಹೋಗುವುದರೊಳಗೆ ಮೂಗಿಗೆ ಕರ್ಚೀಫು ಹಿಡಿದು, "ಏನೇ ಇದು, ಏನೋ ಸತ್ತ ವಾಸ್ನೆ?" ಎಂದಳು.

"ನಂಗೇನೂ ಬರ್ತಿಲ್ಲಪ್ಪ," ಅಂದೆ.

ಶಾಲೆಯಲ್ಲಿ ಆ ವಾಸನೆಗೆ ಇಟ್ಟಿದ್ದ ಹೆಸರುಗಳೆಲ್ಲ ನೆನಪಾದವು. ನಾಚಿಕೆಯಿಂದ ಸತ್ತೇಹೋಗುತ್ತೇನೆ ಅನ್ನಿಸಿತು. ಕುಶಾಲನಗರದಲ್ಲಿ ಸುಮತಿ ನೀರು ಕುಡಿಯಲು ಇಳಿದಾಗ, ಆ ತುಂಡನ್ನು ಕಿಟಕಿಯಿಂದ ಚರಂಡಿಗೆ ಎಸೆದೆ.

ಅಂಗಡಿಯಲ್ಲಿ ನಮಗೆ ತೋರಿಸಿದ್ದು ಎರಡು ಮೆಷಿನ್. ಒಂದರಲ್ಲಿ ಮೇಲಿನ ಪಾದವೂ ಕೆಳಗಿನ ಹಲ್ಲೂ ಜೊತೆಯಾಗಿ ಹೆಜ್ಜೆಯಿಟ್ಟು ತೊಗಲನ್ನು ಎರಡು ಕಡೆಯಿಂದಲೂ ಮುಂದಕ್ಕೆ ಒಯ್ಯುತ್ತಿದ್ದವು. ಅದಕ್ಕೆ ನಮ್ಮ ಹಣ ಸಾಲದು. ಇನ್ನಷ್ಟು ದಿನ ಕಾಯಬೇಕು. ಇನ್ನೊಂದರಲ್ಲಿ ತೊಗಲನ್ನು ಒಯ್ಯುವುದು ಕೆಳಗಿನ ಹಲ್ಲು ಮಾತ್ರ, ಮೇಲಿನ ಪಾದ ಒತ್ತಿ ಹಿಡಿಯುತ್ತಿತ್ತಷ್ಟೆ. ಅದು ಕೈಗೆಟುಕುವಂತಿತ್ತು.

"ಎಲ್ಲಿ, ತುಂಡು ಕೊಡು," ಅಂದ ಅಪ್ಪ.

"ಬಸ್ಸಲ್ಲೆಲ್ಲೋ ಬಿದ್ದೋಯ್ತು."

ಅಪ್ಪ ಬೈಯಲಿಲ್ಲ. ಅಂಗಡಿಯವ ಪರ್ಸು ಹೊಲಿಯುವ ತೆಳು ತೊಗಲು ಕೊಟ್ಟ. ಮೆಷಿನ್ ಅದರ ಮೇಲೆ ಸರಸರನೆ ಓಡಿತು.

"ದಪ್ಪಕ್ಕೂ ಆಗ್ತದಾ?"

"ಸೂಜಿ ಬದಲಾಯ್ಸಿ, ಏನ್ ಬೇಕಾದ್ರೂ ಹೊಲ್ಕೊಳಿ."

ಅಪ್ಪ ಅದರ ಸುತ್ತ ಎರಡು ಸಲ ಸುತ್ತಿದ. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದ್ಸಲ ತುಂಡು ತಂದು ನೋಡಣ್ವಾ?" ಎಂದು ಕೇಳಿದ. ಆ ಚೀಲ ಹೊತ್ತು ಮತ್ತೊಮ್ಮೆ ಬಸ್ಸು ಹತ್ತುವುದು ನನಗೆ ಬೇಡವಾಗಿತ್ತು. "ಇದೇ ಚೆನ್ನಾಗಿದೆ ಅಪ್ಪ," ಅಂದುಬಿಟ್ಟೆ.

ಮೆಷಿನ್ ಮನೆಗೆ ಬಂದ ದಿನ ಅವ್ವ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಅಕ್ಕಪಕ್ಕದವರಿಗೆಲ್ಲ ಪಾಯಸ ಕೊಟ್ಟಳು. ಅಪ್ಪ ಕೋವಿ ಬೆಲ್ಟು ಇಟ್ಟು ತುಳಿದ. ಕೆಳಗಿನ ಪದರ ಮುಂದೆ ಹೋಯಿತು, ಮೇಲಿನದು ಹಿಂದೆಯೇ ಉಳಿಯಿತು. ಸೂಜಿ ಮುರಿಯಿತು. ಇನ್ನೊಂದು ಹಾಕಿದ, ಅದೂ ಮುರಿಯಿತು. ಪಕ್ಕದವರು ಪಾಯಸದ ಲೋಟ ಕೆಳಗಿಟ್ಟು ಒಬ್ಬೊಬ್ಬರಾಗಿ ಹೋದರು.

"ನೀರಲ್ಲಿರೋ ಎಮ್ಮೆಗೆ ವ್ಯಾಪಾರ ಮಾಡ್ಕಂಡ್ ಬಂದ್ರಾ?" ಅಂದಳು ಅವ್ವ. ಅವಳ ಬೆರಳುಗಳಲ್ಲಿ ಪಿಕಿಂಗಿನ ಕಲೆ ಇನ್ನೂ ಹೋಗಿರಲಿಲ್ಲ.

ಮಗಳು ತುಂಡು ಕಳೆದಳು ಎಂದು ಅಪ್ಪ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. "ತಪ್ಪು ನಂದೇ. ನಂಗೆ ಆರಿಸಕ್ಕೆ ಬರ್ಲಿಲ್ಲ," ಅಂದ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಆಗಲೇ ಬಾಯಿಬಿಟ್ಟಿದ್ದರೆ ಎರಡು ಏಟಿಗೆ ಮುಗಿಯುತ್ತಿತ್ತು.

ಅಂಗಡಿಯವ ವಾಪಸ್ ತೆಗೆದುಕೊಳ್ಳಲಿಲ್ಲ. ಆ ವರ್ಷದ ಬೆಲ್ಟುಗಳನ್ನೆಲ್ಲ ಅಪ್ಪ ಕೈಯಲ್ಲೇ ಹೊಲಿದ. ಮರುವರ್ಷ ಹೆಬ್ಬೆಟ್ಟು ಮಡಚಲು ಬರಲಿಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸಿದ. ಮೆಷಿನ್ ಶಾಲೆ ಚೀಲದ ಜಿಪ್ಪು ಹೊಲಿಯುತ್ತಾ ಕೂತಿತು.

ಈಗ ಕೋವಿಗೆ ನೈಲಾನ್ ಬೆಲ್ಟು ಬಂದಿದೆ, ಯಾರಿಗೂ ಏನೂ ಕೊರತೆಯಾಗಿಲ್ಲ. ನಾನು ಕಳೆದದ್ದು ಬೇರೆ. ತೊಗಲು ಮುಟ್ಟಿ ದನದ ವಯಸ್ಸು ಹೇಳುತ್ತಿದ್ದ ಮನುಷ್ಯ ಆಮೇಲೆ ಒಂದು ಅಂಗಿಯನ್ನೂ ತಾನಾಗಿ ಆರಿಸಲಿಲ್ಲ. ನಿಜ ಹೇಳಬೇಕೆಂದು ಎಷ್ಟೋ ಸಲ ಹತ್ತಿರ ಹೋಗಿ ಕೂತೆ, ಬೇರೇನೋ ಮಾತಾಡಿ ಎದ್ದು ಬಂದೆ. ತೀರಿಕೊಳ್ಳುವ ಹಿಂದಿನ ತಿಂಗಳು ಅಪ್ಪ ಸಂತೆಗೆ ಜೊತೆಯಲ್ಲಿ ಬಂದಿದ್ದ. ಟೊಮೆಟೊ ರಾಶಿಯ ಮುಂದೆ ನಿಂತು, ಒಂದನ್ನು ಎತ್ತಿಕೊಂಡು, ಹಾಗೇ ಕೆಳಗಿಟ್ಟ.

"ನೀನೇ ನೋಡ್ ತಗೋ ಮಗಾ. ನಂಗೆ ಗೊತ್ತಾಗಲ್ಲ," ಅಂದ.

ನಾನು ಕೂತು ಆರಿಸಿದೆ.