ಕೈ ಎತ್ತಿದರೆ ಮಾತ್ರ ನಿಲ್ಲುವ ರೈಲು

ಆ ವರ್ಷ ವಾರಕ್ಕೆ ಎರಡು ದಿನ, ಬೆಳಿಗ್ಗೆ ಹನ್ನೊಂದರಿಂದ ಮುಕ್ಕಾಲು ಗಂಟೆ, ನನ್ನ ಆಫೀಸಿನ ಕ್ಯಾಲೆಂಡರಿನಲ್ಲಿ ‘ಡಾಕ್ಟರ್’ ಎಂದು ಬರೆದಿರುತ್ತಿತ್ತು. ಅಮೆರಿಕದ ಷಾರ್ಲೆಟ್‌ನಲ್ಲಿ, ಬ್ಯಾಂಕೊಂದರ ಕೆಲಸವನ್ನು ಮನೆಯಲ್ಲೇ ಕೂತು ಮಾಡುತ್ತಿದ್ದೆ. ಮಂಗಳವಾರ, ಶುಕ್ರವಾರ ತಪ್ಪದೆ ಡಾಕ್ಟರ ಹತ್ತಿರ ಹೋಗುವವಳಿಗೆ ಏನೋ ದೊಡ್ಡ ಕಾಯಿಲೆಯೇ ಇರಬೇಕೆಂದು ಮ್ಯಾನೇಜರ್ ನನ್ನ ಜೊತೆ ಮೆತ್ತಗೆ ಮಾತಾಡತೊಡಗಿದ. ನಾನು ಎಲ್ಲಿಗೂ ಹೋಗುತ್ತಿರಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಫೋನಿನಲ್ಲಿ, ಮಗಳ ಜೊತೆ ರೈಲು ಹತ್ತುತ್ತಿದ್ದೆ.

ಮಗಳು ಕಾಲೇಜು ಮುಗಿಸಿ ೨೦೨೨ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಬ್ರಿಟನಿ ಸೀಮೆಗೆ ಹೋಗಿದ್ದಳು, ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು. ವಾಸ ಗ್ಯಾಂಗಾಂ ಎಂಬ ಊರಲ್ಲಿ, ಶಾಲೆ ಸಮುದ್ರದ ದಡದ ಪ್ಯಾಂಪೋಲ್‌ನಲ್ಲಿ. ನಡುವೆ ಓಡಾಡುವುದು ಒಂದೇ ಡಬ್ಬಿಯ ರೈಲು. ಅವಳ ಸಂಜೆ ಐದೆಂದರೆ ನನ್ನ ಬೆಳಿಗ್ಗೆ ಹನ್ನೊಂದು. ಬೇರೆ ಹೊತ್ತಿನಲ್ಲಿ ಅವಳಿಗೆ ಪುರುಸೊತ್ತಿಲ್ಲ. ರೈಲಿನಲ್ಲಿ ಮಾಡಲು ಇನ್ನೇನೂ ಇಲ್ಲದ್ದರಿಂದ ಅಮ್ಮನಿಗೆ ಫೋನು. ನಾನೇನೂ ದೂರಲಿಲ್ಲ. ಪಾಲಿಗೆ ಬಂದದ್ದು ಪಂಚಾಮೃತ.

ಅವಳ ಅಪ್ಪನೂ ನಾನೂ ಬೇರೆಯಾಗಿ ಆಗ ನಾಲ್ಕು ವರ್ಷ. ಅವರು ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ. ನಾನು ಷಾರ್ಲೆಟ್‌ನ ಅಂಚಿನ ಬ್ಯಾಲಂಟೈನ್ ಬಡಾವಣೆಯ ಮೂರು ಬೆಡ್‌ರೂಮಿನ ಮನೆಯಲ್ಲಿ, ಅರ್ಧ ಗ್ಯಾಲನ್ ಹಾಲಿಗೂ ಕಾರು ತೆಗೆಯಬೇಕಾದ ಕಡೆ. ಕನ್ನಡದ ಮಾತಿರಲಿ, ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ನಾನು ಬಾಯಿಬಿಟ್ಟು ಆಡಿದ ಮಾತೆಂದರೆ ಮೀಟಿಂಗಿನಲ್ಲಿ ಯಾರಿಗೋ ‘ನೀವು ಮ್ಯೂಟ್‌ನಲ್ಲಿದೀರಿ’ ಅಂದದ್ದು, ಅಷ್ಟೇ. ಒಂಟಿಯಾಗಿರುವುದು ಅಭ್ಯಾಸವಾಗಿಬಿಡುತ್ತದೆ ಎಂದು ಹೇಳುವವರಿದ್ದಾರೆ. ಸುಳ್ಳು. ನನಗಂತೂ ಆಗಲಿಲ್ಲ.

ಆ ರೈಲಿನ ದಾರಿ ನನಗೆ ಬಾಯಿಪಾಠವಾಗಿತ್ತು. ಪ್ಯಾಂಪೋಲ್ ಬಿಟ್ಟರೆ ಕಾಡು, ಆಮೇಲೆ ಫ್ರಿನೋದೂರ್ ಎಂಬ ಪುಟ್ಟ ಸ್ಟೇಷನ್, ಅದು ದಾಟಿದರೆ ನದಿಯ ಅಂಚು. ಅಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. ಎರಡು ನಿಮಿಷ ಕಾದರೆ ಪಾಂತ್ರಿಯೂ ಊರು, ಮತ್ತೆ ಮಗಳ ದನಿ. ಸಮುದ್ರದ ನೀರು ಇಳಿದಿದ್ದರೆ ನದಿಯ ದೋಣಿಗಳೆಲ್ಲ ಕೆಸರಲ್ಲಿ ಮಗ್ಗುಲಾಗಿ ಬಿದ್ದಿರುತ್ತವೆ ಎಂದು ಹೇಳುತ್ತಿದ್ದಳು.

“ಫ್ರಿನೋದೂರ್‌ನಲ್ಲಿ ಟ್ರೈನ್ ಸುಮ್ನೆ ನಿಲ್ಲಲ್ಲ ಅಮ್ಮ. ಯೂ ಹ್ಯಾವ್ ಟು ಆಸ್ಕ್. ಇಳಿಯೋರು ಗಾರ್ಡ್‌ಗೆ ಹೇಳ್ಬೇಕು. ಹತ್ತೋರು ಕೈ ರೇಸ್ ಮಾಡ್ಬೇಕು.”

“ಯಾರೂ ಕೈ ಎತ್ತದೇ ಇದ್ರೆ?”

“ದೆನ್ ಇಟ್ ಜಸ್ಟ್ ಗೋಸ್.”

ಎಂಥ ಒರಟು ರೈಲಪ್ಪಾ ಅಂದುಕೊಂಡೆ. ನಾನು ಹುಡುಗಿಯಾಗಿದ್ದಾಗ ಮೈಸೂರಿನ ಪ್ಯಾಸೆಂಜರ್ ಗಾಡಿ, ಯಾರು ಇಳಿಯಲಿ ಬಿಡಲಿ, ಎಲ್ಲ ಕಡೆ ನಿಂತು ಸುಧಾರಿಸಿಕೊಂಡೇ ಹೊರಡುತ್ತಿತ್ತು.

ನಮ್ಮ ಮನೆಯಲ್ಲಿ ‘ನನಗೆ ಬೇಕು’ ಅನ್ನುವುದು ಮರ್ಯಾದೆಗೆ ಕಡಿಮೆ. ಊಟಕ್ಕೆ ಕೂತಾಗ ಮೊದಲ ಸಲ ಹೋಳಿಗೆ ತಂದರೆ ಬೇಡ ಅನ್ನಬೇಕು. ಎರಡನೇ ಸಲ ಎಲೆಗೆ ಕೈ ಅಡ್ಡ ಹಿಡಿಯಬೇಕು. ಮೂರನೇ ಸಲ ಬಡಿಸುವವರು ಕೈ ಸರಿಸಿ ಹಾಕಿಯೇಬಿಡಬೇಕು. ಇದಕ್ಕೆ ಉಪಚಾರ ಅಂತ ಹೆಸರು. ಹಾಗೆ ಹಾಕಿಸಿಕೊಂಡ ಹೋಳಿಗೆಗೇ ರುಚಿ. ಇಲ್ಲಿ ಹುಟ್ಟಿ ಬೆಳೆದ ಮಗಳಿಗೆ ನಾನು ಇದನ್ನು ಕಲಿಸಿರಲಿಲ್ಲ. ಅವಳಿಗೆ ಬೇಡ ಅಂದರೆ ಬೇಡ.

ನವೆಂಬರ್‌ನಲ್ಲಿ ಒಂದು ದಿನ, “ಕ್ರಿಸ್‌ಮಸ್ ರಜಕ್ಕೆ ಬರ್ಲಾ ಅಮ್ಮ?” ಅಂದಳು. ಮನಸ್ಸು ಹಿಗ್ಗಿತು. ಆದರೆ ಬಾಯಿ ತನ್ನ ಪಾಡಿಗೆ ತಾನು, “ಎರಡು ವಾರಕ್ಕೆ ಯಾಕೆ ಇಷ್ಟು ತೊಂದರೆ? ಫ್ರೆಂಡ್ಸ್ ಜೊತೆ ಊರು ನೋಡು” ಅಂದಿತು. ಅಂದು, ಕಾದೆ. ಅವಳು ಇನ್ನೊಂದು ಸಲ ಕೇಳಬೇಕಿತ್ತು. “ಓಕೆ” ಅಂದಳು.

ಮುಂದಿನ ವಾರ ತಿಳಿಯಿತು, ಅವಳಪ್ಪ ಒಂದೇ ಮಾತಿಗೆ ‘ಬಾ’ ಅಂದರಂತೆ, ಡುಲುತ್‌ಗೆ ಹೋಗುತ್ತಾಳಂತೆ. ಸಿಟ್ಟು ಬಂತು. ಅವಳ ಮೇಲಲ್ಲ ಎಂದರೆ ಸುಳ್ಳಾಗುತ್ತದೆ, ಅವಳ ಮೇಲೆಯೇ. ಕ್ರಿಸ್‌ಮಸ್ ದಿನ ವಿಡಿಯೋ ಕಾಲ್ ಮಾಡಿದಾಗ ಹಿಂದೆ ಅವಳಪ್ಪ ದೋಸೆ ಹುಯ್ಯುತ್ತಿದ್ದರು. “ಒಂದಿನ ಡ್ರೈವ್ ಮಾಡ್ಕೊಂಡು ಬರ್ಲಾ? ನಾಕು ಗಂಟೆ ಅಷ್ಟೇ” ಅಂದಳು. “ಬೇಡಮ್ಮ, ರಜದಲ್ಲಿ ಹೈವೇ ತುಂಬಾ ಟ್ರಾಫಿಕ್” ಅಂದೆ. ಅದಕ್ಕೂ ಓಕೆ. ಫೋನಿಟ್ಟು, ಅವಳು ಬಂದರೂ ಬರಬಹುದೆಂದು ಹಿಂದಿನ ದಿನವೇ ಮಾಡಿಟ್ಟಿದ್ದ ಹುಳಿಯನ್ನು ಒಲೆಯ ಮುಂದೆ ನಿಂತೇ ತಿಂದೆ. ತಿನ್ನುತ್ತಾ ಅತ್ತುಬಿಟ್ಟೆ. ಹುಳಿ ನಾಲ್ಕು ದಿನ ಬಂತು.

ಮಾರ್ಚ್ ಮೊದಲ ಶುಕ್ರವಾರ. ಅವಳ ಮಾತು ನಡುವೆ ಒಮ್ಮೆಲೇ ನಿಂತಿತು.

“ಅಯ್ಯೋ ಅಮ್ಮ, ಇಲ್ಲೊಬ್ರು ಅಜ್ಜಿ. ಬ್ಯಾಗ್ ಹಿಡ್ಕೊಂಡು ಡೋರ್ ಹತ್ರ ಹೋಗಿ ನಿಂತಿದ್ರು. ಫ್ರಿನೋದೂರ್ ಬಂತು, ಹೋಯ್ತು. ಗಾರ್ಡ್‌ಗೆ ಹೇಳೇ ಇಲ್ವಂತೆ.” ಆಮೇಲೆ ಕೇಳಿದಳು, “ವೈ ಡಿಡಂಟ್ ಶೀ ಜಸ್ಟ್ ಸೇ?”

ನನಗೆ ಆ ಮುದುಕಿಯ ಪರಿಚಯ ಚೆನ್ನಾಗಿಯೇ ಇತ್ತು. ಬಾಗಿಲ ಹತ್ತಿರ ಬ್ಯಾಗ್ ಹಿಡಿದು ನಿಂತದ್ದು ಎಲ್ಲರಿಗೂ ಕಾಣುತ್ತದಲ್ಲ, ಅವರೇ ತಿಳಿದುಕೊಂಡು ನಿಲ್ಲಿಸುತ್ತಾರೆ ಅಂದುಕೊಂಡಿರುತ್ತಾಳೆ.

“ಪಾಪ” ಅಂದೆ.

“ಅಮ್ಮ, ಏಪ್ರಿಲ್ ಎಂಡ್‌ಗೆ ನನ್ನ ಕೆಲ್ಸ ಮುಗಿಯತ್ತೆ. ಆಮೇಲೆ ಒನ್ ಇಯರ್ ಮನೇಲಿದ್ದು ಗ್ರಾಡ್ ಸ್ಕೂಲ್‌ಗೆ ಅಪ್ಲೈ ಮಾಡ್ತೀನಿ. ಅಪ್ಪ ಡುಲುತ್‌ಗೆ ಬಾ ಅಂತಿದಾರೆ. ಆರ್... ಷಾರ್ಲೆಟ್‌ಗೆ ಬರ್ಲಾ?”

‘ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು’ ಎಂಬ ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು. ನನ್ನ ಸಂಸಾರವನ್ನು ಅಷ್ಟು ವರ್ಷ ನಡೆಸಿದ್ದು ಆ ಮಾತೇ, ಕೆಡಿಸಿದ್ದೂ ಅದೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರೆ. ಆದರೆ ಇಲ್ಲಿ ಇನ್ನೂ ಅಟ್ಟಾಗಿರಲಿಲ್ಲ. ಒಂದು ವರ್ಷ ಅವಳು ಈ ಮನೆಯಲ್ಲಿರುತ್ತಾಳೋ ಇಲ್ಲವೋ, ನನ್ನ ಬಾಯಲ್ಲಿತ್ತು.

“ಬಾ” ಅಂದೆ.

ಉತ್ತರವಿಲ್ಲ. ನದಿಯ ಅಂಚಿಗೆ ಬಂದಿರಬೇಕು, ಸಿಗ್ನಲ್ ಹೋಗಿರಬೇಕು. ಇಷ್ಟು ಕಷ್ಟಪಟ್ಟು ಆಡಿದ ಮಾತು ನೀರಿಗೆ ಬಿತ್ತಲ್ಲ ಎಂದು ಸಂಕಟವಾಯಿತು. ಮತ್ತೆ ಹೇಳಿದೆ.

“ಇಲ್ಲಿಗೇ ಬಾ. ನನಗೆ ಒಬ್ಬಳೇ ಇರೋಕೆ ಆಗ್ತಿಲ್ಲ.”

ಆಗಲೂ ಇಲ್ಲ. ಸ್ಟೂಲಿನಿಂದ ಎದ್ದು, ಖಾಲಿ ಅಡುಗೆಮನೆಯಲ್ಲಿ, ಪಕ್ಕದ ಮನೆಯವರಿಗೆ ಕೇಳಿದರೂ ಕೇಳಲಿ ಎಂದು ಕೂಗಿದೆ. “ಕ್ರಿಸ್‌ಮಸ್‌ಗೂ ಬಾ ಅನ್ನಬೇಕಿತ್ತು ಕಣೇ ನಾನು. ಬಾರೇ. ಬಾ.”

ಹಳಿಯ ಸದ್ದು ಕೇಳಿಸಿತು. ಆ ಸದ್ದು ನಡುವೆ ನಿಂತೇ ಇರಲಿಲ್ಲ, ನಾನು ಗಮನಿಸಿರಲಿಲ್ಲ.

“ಅಮ್ಮ, ಮೊದಲ್ನೇ ಸಲಾನೇ ಕೇಳಿಸ್ತು.”

“ಮತ್ತೆ ಯಾಕೆ ಸುಮ್ಮನಿದ್ದೆ?”

ಮೂಗು ಒರೆಸಿಕೊಂಡಳು.

“ಇನ್ನೊಂದು ಸಲ ಹೇಳ್ಲಿ ಅಂತ.”