ಕೊಡದ ಕೌನ್ಸಿಲರ್

ವಿನೋದಾ ಮಾಡಿದ ಮೊಟ್ಟಮೊದಲ ಶಿಲ್ಪ ಅವಳ ಅತ್ತೆಯದು. ಚೆನ್ನೈ ಪಕ್ಕದ ತಿರುವೊಟ್ಟಿಯೂರಿನಲ್ಲಿ ಅವಳ ಗಂಡ ಜಯಪ್ರಕಾಶ್ ಒಂದು ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ. ತೊಂಬತ್ತೇಳರಲ್ಲಿ ಅಲ್ಲಿನ ಇಡ್ಲಿ ಬೇಯಿಸುವ ಪೆಟ್ಟಿಗೆಯ ತಳ ತೂತಾಯಿತು, ಬಾಗಿಲಿನ ಕೊಂಡಿಯೂ ಮುರಿಯಿತು. ಬಾಯಿ ಮುಚ್ಚಲಾರದೆ ಮೂಲೆಯಲ್ಲಿ ಕೂತ ಆ ಪೆಟ್ಟಿಗೆಯನ್ನು ಕಂಡಾಗಲೆಲ್ಲ ವಿನೋದಾಗೆ ಕುಂದಾಪುರದಲ್ಲಿದ್ದ ಅತ್ತೆಯ ನೆನಪಾಗುತ್ತಿತ್ತು. ಗುಜರಿಯವನು ಬರುವ ಮೊದಲೇ ಅದನ್ನು ತಾರಸಿಗೆ ಹೊತ್ತೊಯ್ದಳು. ಎರಡು ಸೌಟುಗಳನ್ನು ಕಿವಿಯಾಗಿ ಸಿಕ್ಕಿಸಿ, ತೆಂಗಿನಕಾಯಿ ತುರಿಯುವ ಹಲ್ಲನ್ನು ನಾಲಿಗೆಯ ಜಾಗದಲ್ಲಿಟ್ಟಳು.

ನವರಾತ್ರಿಗೆ ಬಂದ ಅತ್ತೆ ಅದರ ಮುಂದೆ ನಿಂತು, "ಇದ್ ಯಾರ್ ಹೆಣೆ, ಇಷ್ಟ್ ಬಾಯಿ ಬಿಟ್ಕಂಡ್ ಕೂತದ್?" ಎಂದು ಕೇಳಿದರು.

"ಆಚಿಮನಿಯವ್ರ್, ಅತ್ತೆ."

"ಹೌದಲ್ದಾ! ಅವ್ಳ್ ಹಾಂಗೇ ಇತ್ತ್," ಎಂದು ಅತ್ತೆ ಮನಸಾರೆ ನಕ್ಕರು. ವಿನೋದಾಗೆ ಆವತ್ತೇ ತಿಳಿಯಿತು, ಈ ಕೆಲಸದಲ್ಲಿ ಬಹಳ ಸುಖವಿದೆ ಎಂದು.

ಹೋಟೆಲಿನ ಪಾತ್ರೆಗಳಿಗೆ ಬೆಸುಗೆ ಹಾಕುವ ಅಂಗಡಿ ಹಿಂದಿನ ಓಣಿಯಲ್ಲಿತ್ತು. ತನಗೂ ಕಲಿಸು ಎಂದು ಹೋದಾಗ ಅಂಗಡಿಯವನು, ಹೆಂಗಸರಿಗೆ ಕಿಡಿ ಸಿಡಿಯುತ್ತದೆ ಎಂದ. ದಿನಾ ಮೆಣಸಿನಕಾಯಿ ಒಗ್ಗರಣೆ ಹಾಕುವವಳಿಗೆ ಕಿಡಿಯ ಕತೆ ಹೇಳಬೇಡಪ್ಪ ಎಂದು ಇವಳು ಅಲ್ಲೇ ಸ್ಟೂಲು ಎಳೆದುಕೊಂಡು ಕೂತಳು. ಕಲಿತೂ ಬಿಟ್ಟಳು. ಒಂದು ಸೆರಗು ಸುಟ್ಟಿತು, ಅಷ್ಟೆ.

ಜಯಪ್ರಕಾಶನಿಗೆ ಇದೆಲ್ಲ ಮಧ್ಯಾಹ್ನ ನಿದ್ದೆ ಬಾರದ ಹೆಂಗಸಿನ ಆಟ ಎನಿಸಿತ್ತು. ಒಂದು ದಿನ ಆಟ ಅವನ ಗಲ್ಲಾಪೆಟ್ಟಿಗೆಯ ತನಕ ಬಂತು. ಹೋಟೆಲಿನ ಮುಂದಿನ ಚರಂಡಿ ಕಟ್ಟಿ, ಅಂದಾನಿ ಎಂಬವನನ್ನು ಕರೆಸಿದ್ದರು. ಅವನು ಬರೀ ಚಡ್ಡಿಯಲ್ಲಿ ಕತ್ತಿನವರೆಗೆ ಇಳಿದು, ಕೆಸರೆತ್ತಿ, ಮೇಲೆ ಬಂದು ಮೈ ತೊಳೆದು ಕಾಫಿ ಕೇಳಿದ. ಎಲ್ಲರಿಗೂ ಸ್ಟೀಲ್ ಲೋಟ, ಅವನಿಗೆ ಮಾತ್ರ ಪ್ಲಾಸ್ಟಿಕ್ ಕಪ್ಪು, ಅದೂ ಮೆಟ್ಟಿಲ ಕೆಳಗೆ. ವಿನೋದಾ ಒಳಗಿನಿಂದ ಇದನ್ನು ನೋಡಿದಳು. ಸಮುದ್ರದ ದಂಡೆಗೆ ಹೋಗಿ, ಅಲೆ ತಂದೆಸೆದ ಒಂಟಿ ಚಪ್ಪಲಿಗಳನ್ನು ಚೀಲ ತುಂಬ ಆರಿಸಿ ತಂದಳು. ಚಪ್ಪಲಿ, ಸೈಕಲ್ ಟ್ಯೂಬು, ತಂತಿ ಸೇರಿ ಒಬ್ಬ ಮನುಷ್ಯನಾದ. ಅವನ ಕೈಗೆ ಸ್ಟೀಲ್ ಲೋಟ ಕೊಟ್ಟು ಬೆಳಿಗ್ಗೆ ಗಲ್ಲಾದ ಪಕ್ಕದಲ್ಲಿ ಕೂರಿಸಿದಳು.

"ಇದೆಂತ ಮಾರಾಯ್ತಿ! ಚಪ್ಪಲಿ ತಂದ್ ದೇವ್ರ್ ಪಟದ್ ಕೆಳ್ಗ್ ಇಟ್ಟಿದ್ಯಲ್ಲ! ಗಿರಾಕಿ ಕೇಂಡ್ರೆ ಎಂತ ಹೇಳುದ್?" ಜಯಪ್ರಕಾಶ್ ಊದುಬತ್ತಿ ಹಿಡಿದುಕೊಂಡೇ ಕೂಗಿದ.

"ಕಾಪಿಗ್ ಕಾಯ್ತಾ ಇದ್ದ ಅಂತ ಹೇಳಿ."

ಗಿರಾಕಿಗಳು ಕೇಳಿಯೇ ಕೇಳಿದರು. ಸಂಜೆಯ ಹೊತ್ತಿಗೆ ಜಯಪ್ರಕಾಶ್ ಚಪ್ಪಲಿಯ ಮನುಷ್ಯನನ್ನು ತಾರಸಿಗೆ ಸಾಗಿಸಿದ. ಆದರೆ ಅಂದಾನಿ ಮತ್ತೆ ಬಂದಾಗ ಸ್ಟೀಲ್ ಲೋಟದಲ್ಲೇ ಕಾಫಿ ಕೊಟ್ಟ. ಮುಖ ಗಂಟು ಹಾಕಿಕೊಂಡೇ ಕೊಟ್ಟ. ವಿನೋದಾ ಮುಖದ ಲೆಕ್ಕ ಇಡಲಿಲ್ಲ.

ಎರಡು ಸಾವಿರದ ಮೂರರಲ್ಲಿ ಮಳೆ ಕೈಕೊಟ್ಟಿತು. ಬೀದಿಯ ಕೈಪಂಪು ಒಣಗಿತು. ಹೋಟೆಲಿನ ಬೋರ್‌ವೆಲ್ಲಿನಿಂದ ಹಳದಿ ನೀರು ಬರತೊಡಗಿತು, ಮೂಗಿಗೆ ಹಿಡಿದರೆ ಸೀಮೆಎಣ್ಣೆಯ ವಾಸನೆ. ನೀರಿನ ಲಾರಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದ ದಿನ ಹೆಂಗಸರ ಜಗಳದಲ್ಲಿ ಪ್ಲಾಸ್ಟಿಕ್ ಕೊಡಗಳು ಒಡೆದು ಬೀದಿಯೆಲ್ಲ ಚೂರು. ವಾರ್ಡಿನ ಕೌನ್ಸಿಲರ್ ಗಂಗಾಧರನ್ ಯಾರು ಕೇಳಿದರೂ ಕೈಮುಗಿದು "ನಾಳೈ ವರುಮ್ಮಾ" ಎನ್ನುತ್ತಿದ್ದರು. ನಾಳೆ ಬರುತ್ತದೆ. ಅವರ ಮನೆಯ ಮುಂದೆ ಮಾತ್ರ ಲಾರಿಗೆ ಇವತ್ತೇ ಬ್ರೇಕು ಬೀಳುತ್ತಿತ್ತು.

ವಿನೋದಾ ಒಡೆದ ಕೊಡಗಳನ್ನು ಕೂಡಿಹಾಕಿದಳು. ಕೆಂಪು, ಹಸಿರು, ನೀಲಿ ಕೊಡಗಳನ್ನು ತಂತಿಯಲ್ಲಿ ಪೋಣಿಸಿ ಆಳೆತ್ತರದ ಗಂಡಸನ್ನು ನಿಲ್ಲಿಸಿದಳು. ಬೋರಲು ಹಾಕಿದ ಕೊಡ ತಲೆ, ಸ್ಕೂಟರ್ ಟೈರಿನ ತುಂಡು ಮೀಸೆ. ಹೊಟ್ಟೆಗೆ ಹೋಟೆಲಿನ ಎಣ್ಣೆಯ ಡ್ರಮ್ಮು, ಹೊಕ್ಕುಳಿನ ಜಾಗದಲ್ಲಿ ತುಕ್ಕು ಹಿಡಿದ ನಲ್ಲಿ. ಡ್ರಮ್ಮಿಗೆ ಅದೇ ಹಳದಿ ನೀರು ತುಂಬಿ, ಕತ್ತಿಗೆ "ನಾಳೈ" ಎಂಬ ರಟ್ಟಿನ ಹಲಗೆ ನೇತುಹಾಕಿ, ಒಣಗಿದ ಕೈಪಂಪಿನ ಪಕ್ಕದಲ್ಲಿ ನಿಲ್ಲಿಸಿದಳು. ಕಾಲೇಜಿನಿಂದ ಬಂದ ಮಗಳು ಸಮೀಕ್ಷಾ ನೋಡಿ, "ಐಯೋ ಅಮ್ಮಾ, ಕೌನ್ಸಿಲರ್‌ದಾನೇ ಇದು? ಮಾಟಿಕ್ಕಪೋರೇ ನೀ!" ಎಂದಳು. ಸಿಕ್ಕಿಬೀಳುತ್ತೀ ಎನ್ನುವುದು ವಿನೋದಾಗೂ ಗೊತ್ತಿತ್ತು. ಬೈಗುಳಕ್ಕೆ ಏನು ಉತ್ತರ ಕೊಡಬೇಕೆಂದು ಮನಸ್ಸಿನಲ್ಲೇ ತಯಾರಿ ಮಾಡಿಕೊಂಡಿದ್ದಳು.

ಆದದ್ದೇ ಬೇರೆ. ಗಂಗಾಧರನ್ ಬಂದರು, ನೋಡಿದರು, ಮೀಸೆ ಸವರಿಕೊಂಡರು. "ನಾಳೈ! ನಾಳೆಯ ನಾಯಕ! ಅಮ್ಮಾ, ನನಗೆ ಇಷ್ಟೊಂದು ಮರ್ಯಾದೆಯೇ?" ಎಂದು ತಮಿಳಿನಲ್ಲಿ ಗದ್ಗದಿತರಾದರು. ಶುಕ್ರವಾರ ಬೆಳಿಗ್ಗೆ ತಾವೇ ಉದ್ಘಾಟನೆ ಮಾಡುವುದಾಗಿ ಹೇಳಿ ಹೋದರು.

ವಿನೋದಾಗೆ ಊಟ ಸೇರಲಿಲ್ಲ. ಅಷ್ಟು ಶ್ರದ್ಧೆಯಿಂದ ಮಾಡಿದ ಅವಮಾನವನ್ನು ಒಬ್ಬ ಮನುಷ್ಯ ಹೀಗೆ ಹಾರವಾಗಿ ಹಾಕಿಕೊಂಡರೆ ಏನು ಮಾಡುವುದು? "ಮೀಸೆ ಸ್ವಲ್ಪ ಸಣ್ಣ ಮಾಡ್ಕಿತ್," ಎಂದು ತನ್ನ ಕೆಲಸವನ್ನೇ ದೂರಿ ಗೊಣಗಿದಳು. ಜಯಪ್ರಕಾಶ್ ಮಾತ್ರ ಮೊದಲ ಬಾರಿಗೆ ಹೆಂಡತಿಯ ಕಲೆಯನ್ನು ಹೊಗಳಿ, ಶುಕ್ರವಾರಕ್ಕೆ ಕೇಸರಿಬಾತು ಮಾಡಿಸಿದ.

ಶುಕ್ರವಾರ ಪಟಾಕಿ ಹಾರಿತು, ಡೋಲು ಬಂತು. ಬೆಳ್ಳನೆಯ ವೇಷ್ಟಿ ಉಟ್ಟು ಬಂದ ಗಂಗಾಧರನ್ ತಮ್ಮ ಪ್ರತಿಮೆಗೆ ತಾವೇ ಹಾರ ಹಾಕಿದರು. ನಂತರ ಹೊಕ್ಕುಳಿನ ನಲ್ಲಿ ಕಣ್ಣಿಗೆ ಬಿತ್ತು. "ಓ, ನೀರೂ ಬರುತ್ತದೋ!" ಎಂದು ತಿರುಗಿಸಿದರು. ತುಕ್ಕು ತಿಂದಿದ್ದ ನಲ್ಲಿ ಬುಡಸಮೇತ ಕೈಗೆ ಬಂತು. ಹಳದಿ ನೀರು ಸೊಂಟದಿಂದ ಕೆಳಗೆ ವೇಷ್ಟಿಯ ಮೇಲೆ ಸುರಿಯಿತು. ಎಲ್ಲಿ ಒದ್ದೆಯಾಗಬಾರದೋ ಅಲ್ಲೇ ಒದ್ದೆಯಾಯಿತು. ಗಾಬರಿಯಲ್ಲಿ ಗಂಗಾಧರನ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದರು. ಬಿಟ್ಟರೆ ಸುರಿಯುತ್ತದೆ, ಹಿಡಿದರೆ ತಮ್ಮದೇ ಹೊಕ್ಕುಳಿಗೆ ಬೆರಳಿಟ್ಟು ನಿಲ್ಲಬೇಕು. ಡೋಲಿನವನು ಇದೂ ಕಾರ್ಯಕ್ರಮದ ಭಾಗವೆಂದು ಇನ್ನೂ ಜೋರಾಗಿ ಬಾರಿಸಿದ.

ಎದುರು ಮನೆಯ ಸರಸ ಮೊದಲು ನಕ್ಕಳು. ಆಮೇಲೆ ಇಡೀ ಬೀದಿ. "ಏನಿದು ನಾತ?" ಎಂದು ಕೌನ್ಸಿಲರ್ ಕಿರುಚಿದರು.

"ನಾವು ದಿನಾ ಸ್ನಾನ ಮಾಡುವ ನೀರು, ಸಾರ್," ಎಂದಳು ವಿನೋದಾ. ತಯಾರಿ ಮಾಡಿಟ್ಟಿದ್ದ ಉತ್ತರಗಳಲ್ಲಿ ಇದು ಇರಲಿಲ್ಲ, ತಾನಾಗಿಯೇ ಬಂತು.

ಮರುದಿನ ಬೆಳಿಗ್ಗೆ ಪ್ರತಿಮೆಯನ್ನು ಕಿತ್ತೊಯ್ಯಲು ಗಾಡಿ ಬರುತ್ತದೆಂದು ಅಂದೇ ಸಂಜೆ ಸುದ್ದಿ ಬಂತು. ವಿನೋದಾ ಅಡ್ಡ ನಿಲ್ಲುವ ಹಟದಿಂದ ಬೇಗನೆ ಎದ್ದು ಹೋದರೆ ಪ್ರತಿಮೆಯೇ ಇಲ್ಲ. ಖಾಲಿ ಡ್ರಮ್ಮು ಒಂದೇ ಬಿದ್ದಿತ್ತು. ಅದರ ಆಚೆ, ನೀರಿನ ಲಾರಿ ನಿಲ್ಲುವ ಜಾಗದಿಂದ ಓಣಿಯ ಕೊನೆಯವರೆಗೆ ಕೊಡಗಳ ಸಾಲು. ಕೌನ್ಸಿಲರ್ ಅವರ ಎದೆ, ತೊಡೆ, ಭುಜ, ಎಲ್ಲವೂ ಒಂದರ ಹಿಂದೊಂದು ನಿಂತಿದ್ದವು. ತಲೆ ಏಳನೆಯದೋ ಎಂಟನೆಯದೋ ಇರಬೇಕು, ಮೀಸೆ ಇನ್ನೂ ಹಾಗೇ ಇತ್ತು.

"ಯಾರ್ ಮಾಡಿದ್ದಿದನ್ನ?" ವಿನೋದಾ ಕೂಗಿ ಕೇಳಿದಳು. ಮೂರು ವಾರದ ಕೆಲಸ.

ಸರಸ ಸೊಂಟಕ್ಕೆ ಕೈಯಿಟ್ಟು ತಮಿಳಿನಲ್ಲೇ ಹೇಳಿದಳು, "ಕೋಪ ಮಾಡಿಕೊಳ್ಳಬೇಡಕ್ಕಾ. ಇಲ್ಲದಿದ್ದರೆ ಗಾಡಿಯವರು ಕೊಂಡೊಯ್ದು ಸುಡುತ್ತಿದ್ದರು. ಲಾರಿ ಬರುತ್ತದಂತೆ. ಜಾಗ ಹಿಡಿಯಲು ಒಡೆದ ಕೊಡವೇ ಸಾಕು, ಒಳ್ಳೆಯ ಕೊಡ ಮನೆಯಲ್ಲಿ ಜೋಪಾನ."

ಅಷ್ಟರಲ್ಲಿ ಗಾಡಿಯವರು ಬಂದರು. ಯಾವುದಮ್ಮ ಪ್ರತಿಮೆ ಎಂದು ಕೇಳಿದರು. ಒಬ್ಬೊಬ್ಬ ಹೆಂಗಸೂ ಒಂದೊಂದು ಕೊಡದ ಮೇಲೆ ಕೈಯಿಟ್ಟು ಇದು ನನ್ನದು, ಮುಟ್ಟಿದರೆ ನೋಡು ಎಂದಳು. ನೀರಿನ ಸಾಲಿನಲ್ಲಿ ನಿಂತ ಕೊಡವನ್ನು ಮುಟ್ಟುವ ಧೈರ್ಯ ಆ ಊರಿನಲ್ಲಿ ಯಾವ ಗಂಡಸಿಗೂ ಇರಲಿಲ್ಲ. ಡ್ರಮ್ಮನ್ನಷ್ಟೇ ಹೇರಿಕೊಂಡು ಹೋದರು.

ಹಿಂದೆಯೇ ಲಾರಿ ಬಂತು. ನಕ್ಕ ಬೀದಿಯ ಬಾಯಿ ಮುಚ್ಚಿಸಲು ಗಂಗಾಧರನ್ ಕಳಿಸಿದ್ದಿರಬಹುದು. ಹೋಟೆಲಿನಲ್ಲೂ ಸಾಂಬಾರಿಗೆ ನೀರಿರಲಿಲ್ಲ. ವಿನೋದಾ ಒಳಗೆ ಹೋಗಿ ಎರಡು ಕೊಡ ತಂದಳು. ಸಾಲಿನಲ್ಲಿ ತನಗೆಲ್ಲಿ ಜಾಗ ಎಂದು ಹುಡುಕುತ್ತಿರುವಾಗ ಸರಸ ಮೀಸೆಯ ಕೊಡವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಇಲ್ಲಿ ಬಾ ಎಂದು ಕರೆದಳು: "ಇಂಗೆ ವಾಕ್ಕಾ. ಇದು ನಿನ್ನದೇ."